ಕಾಕಾನ ಕೂಗು

ದನ ಕಾಯುವ ಕಾಕಾನ ಧೋತರದ ಅಂಚಿಗೆ ಸದಾ ಉತ್ತರಾಣಿ ಬೀಜಗಳು ಅಂಟಿರುತ್ತಿದ್ದವು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅವನ್ನು ಒಂದೊಂದಾಗಿ ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದ. ಮಳೆ ಬಿದ್ದರೆ ಅಂಗಳದ ತುಂಬ ಅದೇ ಗಿಡ. ಅವ್ವ ಬೈದರೆ, "ನಾ ಏನ್ ಬಿತ್ತೀನೇನ ಯವ್ವಾ, ತಾವಾಗೇ ನನ್ನ ಕೂಡ ಬಂದಾವ," ಎನ್ನುತ್ತಿದ್ದ.

ತಿಕೋಟಾದ ಮಗ್ಗುಲಿನ ನಮ್ಮೂರಿನ ಹೈನದ ದನಗಳನ್ನೆಲ್ಲ ಊರ ಗೋಮಾಳವಾದ ಗಾಯರಾಣದ ಹುಲ್ಲಿಗೆ ಹೊಡೆದುಕೊಂಡು ಹೋಗುವುದು ಅವನ ಕೆಲಸ. ಮುಂಜಾನೆ ಓಣಿಯ ತುದಿಯಲ್ಲಿ "ಹೋ... ಬಿಡ್ರೀ" ಎಂದು ಕೂಗಿದರೆ ಸಾಕು, ಮಲಗಿದ ಆಕಳುಗಳು ಎದ್ದು ನಿಲ್ಲುತ್ತಿದ್ದವು. ನಾವು ಮಕ್ಕಳು ಮಾತ್ರ ಏಳುತ್ತಿರಲಿಲ್ಲ. ಒಮ್ಮೆ ಅವನ ಜೊತೆ ಹೋಗಿದ್ದೆ. ಬಯಲಿನ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತ್ತು. ಕಾಕಾ ಇಡೀ ಹಿಂಡನ್ನು ಸುತ್ತುಹಾಕಿಸಿ ಆಚೆ ಹೊಡೆದ. "ಅದರ ಮನಿಗೆ ಉಣ್ಣಾಕ ಬಂದೇವಿ ನೋಡು. ತುಳದು ಹೋಗೂದು ಛಂದ ಕಾಣೂದಿಲ್ಲ," ಎಂದ.

ಆಮೇಲೆ ಕಾಲುವೆಗೆ ನೀರು ಬಂತು. ಬಂದದ್ದು ಒಳ್ಳೆಯದೇ, ನಮ್ಮ ಮನೆಯೂ ಅದರಿಂದ ಉಂಡಿದೆ. ಆದರೆ ಗಾಯರಾಣದ ದಾರಿಯ ಎರಡೂ ಬದಿಗೆ ದ್ರಾಕ್ಷಿ ಪಡಗಳು ಎದ್ದವು, ತಂತಿ ಬೇಲಿ ಬಂತು, ಬದುವಿನ ಹುಲ್ಲಿಗೂ ಔಷಧಿ ಹೊಡೆದರು. ಆ ಹುಲ್ಲು ತಿಂದು ಓಣಿಯ ಒಂದು ಕರು ಸತ್ತಿತು. ಅಲ್ಲಿಂದ ಯಾರೂ ದನ ಬಿಡಲಿಲ್ಲ. ಮೇವು ಗೋದಲಿಗೇ ಬರತೊಡಗಿತು.

ಕಾಕಾ ಮಾತ್ರ ದಿನಾ ಬಂದು ಕೂಗುತ್ತಿದ್ದ. ಕಟ್ಟಿದ ಆಕಳುಗಳು ಹಗ್ಗ ಜಗ್ಗಿ ಒದರುತ್ತಿದ್ದವು. ಕೊನೆಗೆ ಅವ್ವನೇ ಹೇಳಿದಳು: "ಕಾಕಾ, ಇನ್ನ ಕೂಗಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ಆಕಳಾ ನಿಂತಲ್ಲಿ ನಿಲ್ಲವಲ್ದು, ಹಾಲೂ ಕೊಡವಲ್ದು."

ಅವನು ಬಗ್ಗಿ ಆಕಳ ಕಾಲು ಮುಟ್ಟಿದ. "ನಡಿಯೂದಽ ಬಿಟ್ಟೈತಿ. ಗೊರಸ ಹೆಂಗ ಬೆಳದಾವ ನೋಡ ಯವ್ವಾ," ಎಂದವನು ಮರುದಿನದಿಂದ ನಮ್ಮ ಓಣಿಗೆ ಬರಲಿಲ್ಲ. ಅವ್ವ ಆಡಿದ್ದು ಸುಳ್ಳಲ್ಲ, ಕಾಕಾ ಕೂಗಿದ್ದೂ ತಪ್ಪಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ವಿಜಯಪುರದಿಂದ ಮಣ್ಣಿಗೆ ಹೋಗಿದ್ದೆ. ಅವನ ಹಳೆಯ ಧೋತರ ಮನೆಯ ಬೇಲಿಯ ಮೇಲೆ ಒಣಗುತ್ತಿತ್ತು. ಅಂಚು ಹಿಡಿದು ನೋಡಿದೆ, ಒಂದು ಬೀಜವೂ ಇರಲಿಲ್ಲ.

ಓಣಿಯ ನಮ್ಮ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಹಿತ್ತಲಿಗೆ ಹೋದೆ. ದುಃಖ ತಡೆಯಲಾಗದೆ ಅವನಂತೆಯೇ "ಹೋ... ಬಿಡ್ರೀ" ಎಂದು ಕೂಗಿದೆ. ಕಟ್ಟಿದ ಜಾಗದಲ್ಲೇ ಹುಟ್ಟಿ ಬೆಳೆದ ನಮ್ಮ ಆಕಳು ಮೆಲುಕು ಹಾಕುತ್ತ ಮಲಗಿತ್ತು. ಕಿವಿಯನ್ನೂ ಎತ್ತಲಿಲ್ಲ.