ಗಿಳಿಗಳಿಗೆ ಅನ್ವಯಿಸದ ನಿಶ್ಶಬ್ದ

ಶ್ರೀನಿವಾಸಪುರದ ಹೊರಗೆ, ಮಾವಿನ ತೋಪಿನ ಪಕ್ಕದ ಬಯಲಿನಲ್ಲಿ ದೊಡ್ಡ ಸಂಗೀತೋತ್ಸವ. ಸ್ವಯಂಸೇವಕನಾಗಿ ಬಂದ ನನಗೆ ಹಳದಿ ಅಂಗಿ ತೊಡಿಸಿ, ನಿಶ್ಶಬ್ದ ಪಾಲನೆಯ ಘನ ಹೊಣೆ ವಹಿಸಿದ್ದಾರೆ. ಮಧ್ಯಾಹ್ನ ಗಾಯಕಿ ಆಲಾಪ ತೆಗೆದೊಡನೆ ತೋಪಿನಿಂದ ಡಬಡಬ ಸದ್ದು. ಬೇಲಿಯವರೆಗೆ ಹೋಗಿ ನೋಡಿದರೆ, ಫಸಲನ್ನು ಗುತ್ತಿಗೆ ಹಿಡಿದ ವಲೀಸಾಬರು ಗಿಳಿ ಓಡಿಸಲು ತಗಡಿನ ಡಬ್ಬ ಬಡಿಯುತ್ತಿದ್ದರು.

“ಸ್ವಲ್ಪ ಹೊತ್ತು ನಿಲ್ಲಿಸಿ ಸಾಬ್ರೆ, ಹಾಡ್ತಾ ಇದಾರೆ,” ಎಂದೆ, ರಾಜಾಜ್ಞೆ ಓದುವವನಂತೆ.

“ನಾನು ನಿಲ್ಲಿಸ್ತೀನಿ ಸಾರ್. ಗಿಣಿಗೆ ನೀವು ಹೇಳ್ತೀರಾ?” ಎಂದರು. ಆದರೂ ಡಬ್ಬ ಕಂಕುಳಿಗೆ ಸೇರಿತು.

ಗಿಳಿಗಳು ಹಿಂಡುಹಿಂಡಾಗಿ ಇಳಿದವು. ಸಭಿಕರು ಫೋನೆತ್ತಿ ಚಿತ್ರ ತೆಗೆದರು. ಪಕ್ಷಿಗಳೂ ನಾದಕ್ಕೆ ಮಾರುಹೋದವೆಂದು ಯಾರೋ ಮೆಚ್ಚಿಕೊಂಡರು. ಇತ್ತ ಕಚ್ಚಿದ ಕಾಯಿಗಳು ಪಟಪಟ ಉದುರತೊಡಗಿದವು. ನನಗೆ ನೋಡಲಾಗಲಿಲ್ಲ.

“ಬಡೀರಿ ಸಾಬ್ರೆ, ಯಾರಾದ್ರೂ ಕೇಳಿದ್ರೆ ನಾನು ಹೇಳ್ಕೋತೀನಿ.”

“ಬಿಡಿ ಸಾರ್, ಆಯಮ್ಮ ಚೆನ್ನಾಗಿ ಹಾಡ್ತಾ ಅವ್ರೆ. ಮುಗೀಲಿ.”

ಮುಗಿಯಿತು. ವಲೀಸಾಬರು ಡಬ್ಬ ಎತ್ತುವಷ್ಟರಲ್ಲಿ ಸಭೆಯೆಲ್ಲ ಎದ್ದು ನಿಂತು, ಇನ್ನೊಂದು ಹಾಡಲೇಬೇಕೆಂದು ಗಾಯಕಿಯನ್ನು ಬೇಡಿಕೊಂಡಿತು. ಸಾಬರು ಡಬ್ಬವನ್ನು ನೆಲದ ಮೇಲೆ, ಸದ್ದಾಗದಂತೆ, ಇಟ್ಟರು.