ತಮ್ದೇ ರೀ

ಪಂಚಾಕ್ಷರಪ್ಪನನ್ನು ಅವನ ದೊಡ್ಡಪ್ಪ ಕೆಂಚವೀರಪ್ಪನವರು ದಾವಣಗೆರೆಗೆ ಕಳಿಸಿ ಓದಿಸಿದ್ದು, ಮನೆತನದ ಜಮೀನು ಕಾಯಲು ಮನೆಯಲ್ಲೇ ಒಬ್ಬ ವಕೀಲನಿರಲಿ ಎಂದು. ನನ್ನ ಗೆಳೆಯ ವಕೀಲನಾಗಲಿಲ್ಲ, ವಕೀಲರೊಬ್ಬರ ಗುಮಾಸ್ತನಾದ. ಅಲ್ಲಿ ಕಲಿತ ಕಾನೂನನ್ನು ದೊಡ್ಡಪ್ಪನ ಕೈಯಿಂದ ಬಡವರ ಹೊಲ ಬಿಡಿಸಲು ಬಳಸಿದ. ಓದಿಸಿದ್ದು ವ್ಯರ್ಥವಾಯಿತೆಂದು ಮಾತ್ರ ಯಾರೂ ಹೇಳುವಂತಿಲ್ಲ. ಕಳೆದ ತಿಂಗಳು ಅವನು ಕಾಮಾಲೆಯಿಂದ ತೀರಿಕೊಂಡ.

ಹರಿಹರದ ಹತ್ತಿರ ಸಾರಥಿ ಎಂಬ ಹಳ್ಳಿಯಲ್ಲಿ ಅಂಜಿನವ್ವನದೊಂದು ಹೊಲವಿತ್ತು. ಅವಳ ಗಂಡ ಸತ್ತಾಗ ಕೆಂಚವೀರಪ್ಪನವರು, "ಹೆಣ್ಮಗಳು, ನಿಂಗ್ಯಾಕೆ ತ್ರಾಸು? ನಾ ನೋಡ್ಕೊಂತೀನಿ ಬಿಡು" ಎಂದಿದ್ದರು. ನೋಡಿಕೊಂಡರು. ಎಷ್ಟು ಚೆನ್ನಾಗಿ ಎಂದರೆ, ಕೆಲವು ವರ್ಷಗಳಲ್ಲಿ ಅವಳು ತನ್ನ ಹೊಲದಲ್ಲೇ ಅವರ ಕೂಲಿಯಾಗಿದ್ದಳು.

ಐವತ್ತೆಂಟನೇ ಇಸವಿಯಲ್ಲಿ ಪಂಚಾಕ್ಷರಪ್ಪ ಅವಳಿಂದ ಅರ್ಜಿ ಹಾಕಿಸಿದ. ವಿಚಾರಣೆಗೆ ಬಂದ ಅಧಿಕಾರಿ, "ಆ ಹೊಲ ಯಾರದಮ್ಮಾ?" ಎಂದು ಕೇಳಿದರು.

ಅಂಜಿನವ್ವ ಕೈಮುಗಿದು, "ತಮ್ದೇ ರೀ" ಎಂದಳು.

ನಮ್ಮ ಕಡೆ ದೊಡ್ಡವರು ಕೇಳಿದರೆ ಮನೆಯೂ ತಮ್ಮದೇ, ದನವೂ ತಮ್ಮದೇ, ಕಂಕುಳಲ್ಲಿರುವ ಕೂಸೂ ತಮ್ಮದೇ. ಅದು ಮರ್ಯಾದೆಯ ಮಾತು. ಅಧಿಕಾರಿ ಬೇರೆ ಸೀಮೆಯವರು. ಹೊಲ ತನ್ನದಲ್ಲವೆಂದು ಅವಳೇ ಒಪ್ಪಿದಳೆಂದು ಬರೆದುಕೊಂಡು, ಅರ್ಜಿ ವಜಾ ಮಾಡಿ ಹೋದರು.

ಪಂಚಾಕ್ಷರಪ್ಪ ಮೇಲ್ಮನವಿ ಹಾಕಿಸಿ, ಅಂಜಿನವ್ವನಿಗೆ ಪಾಠ ಹೇಳಲು ಸಾರಥಿಗೆ ಹೊರಟ. ನಾನೂ ಜೊತೆಗಿದ್ದೆ. ಇದ್ದದ್ದು ಒಂದೇ ಪದದ ಪಾಠ.

"'ನಂದು' ಅನ್ನವ್ವಾ."

"ಸಾಹೇಬ್ರ ಎದುರಿಗೆ ನಂದು ಅಂದ್ರೆ ಸೊಕ್ಕು ಅನ್ನಲ್ವೇನಪ್ಪಾ?"

"ಅನ್ಲಿ ಬಿಡು. ಈಗ ನಾನೇ ಸಾಹೇಬ. ಈ ಎಮ್ಮೆ ಯಾರದು?"

"ತಮ್ದೇ ರೀ" ಎಂದು ಸೆರಗು ಬಾಯಿಗಿಟ್ಟು ನಕ್ಕಳು.

ಅವನು ಎಮ್ಮೆಯ ಹಗ್ಗ ಬಿಚ್ಚಿ ಹರಿಹರದ ದಾರಿ ಹಿಡಿದ. ಓಣಿಯವರೆಲ್ಲ ನಕ್ಕರು. ಅವನು ತಿರುಗಿ ನೋಡಲಿಲ್ಲ. ಊರು ದಾಟುತ್ತಲೇ ಅಂಜಿನವ್ವನ ನಗೆ ನಿಂತಿತು, ಓಡಿದಳು.

"ಏ, ಬಿಡಲೇ ನನ್ನೆಮ್ಮೆ! ನಂದಲೇ ಅದು, ನಂದು!"

"ಹಾಂ, ಇಷ್ಟೇ ನೋಡು. ಆ 'ಲೇ' ಒಂದು ಬ್ಯಾಡ."

ಮೇಲಿನ ಅಧಿಕಾರಿ ಹೊಲ ನೋಡಲೆಂದೇ ಸಾರಥಿಗೆ ಬಂದರು. ಅವರು ರಾಣೆಬೆನ್ನೂರು ಕಡೆಯವರು, ನಮ್ಮ ಮಾತು ಬಲ್ಲವರು. ಗರಿಗರಿ ರುಮಾಲು ಸುತ್ತಿದ್ದ ಕೆಂಚವೀರಪ್ಪನವರು ಎಲ್ಲರಿಗಿಂತ ಮುಂದೆ ನುಗ್ಗಿದರು. "ಬರ್ರಿ, ಬರ್ರಿ, ನೆಳ್ಳಾಗೆ ಕೂಡ್ರಿ. ಎಳನೀರು ತಗೊಳ್ರಿ."

ಅಧಿಕಾರಿ ಪೈರಿನತ್ತ ನೋಡಿದರು. "ಜೋಳ ಚಲೋ ಐತಲ್ಲ. ಯಾರದಿದು ಹೊಲ?"

ಕೆಂಚವೀರಪ್ಪನವರು ನಡು ಬಗ್ಗಿಸಿ, "ತಮ್ದೇ ರೀ!" ಎಂದರು.

ಅಂದ ಮೇಲೆ ಅಂದದ್ದೇನೆಂದು ಹೊಳೆದು, ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

"ಹೋದ ಸಲ ಇದೇ ಮಾತನ್ನ ಒಪ್ಪಿಗೆ ಅಂತ ಬರ್ಕೊಂಡಾರ್ರಿ," ಎಂದ ಪಂಚಾಕ್ಷರಪ್ಪ. "ಇವತ್ತಿಂದೂ ಬರ್ಕೊಳ್ರಿ."

ಅಧಿಕಾರಿ ನಕ್ಕರು. "ನಂದಂತೂ ಅಲ್ಲ. ನಿಂದೇನವ್ವಾ?"

"ನಂದು" ಎಂದಳು ಅಂಜಿನವ್ವ.

ಹಿಂದಿನ 'ಒಪ್ಪಿಗೆ'ಯನ್ನು ಅಧಿಕಾರಿ ಹೊಡೆದುಹಾಕಿದರು. ಅದು ಹೋದ ಮೇಲೆ ಅವಳ ಗಂಡನ ಹೆಸರಿನ ಹಳೆಯ ಖಾತೆಯೇ ಸಾಕಾಯಿತು. ಹೊಲ ಅವಳಿಗೆ ಬಂತು. ಪಂಚಾಕ್ಷರಪ್ಪನಿಗೆ ದೊಡ್ಡಪ್ಪನ ಮನೆಯ ಬಾಗಿಲು ಮುಚ್ಚಿತು. ಆಮೇಲೆ ಅವನು ಇಂಥ ಎಷ್ಟೋ ಹೊಲಗಳನ್ನು ಬಿಡಿಸಿಕೊಟ್ಟ. ತಾನು ಮಾತ್ರ ದಾವಣಗೆರೆಯ ಬಾಡಿಗೆ ಕೋಣೆಯಲ್ಲೇ ಉಳಿದ.

ಅವರ ಮನೆಯವರನ್ನು ಸ್ವಂತ ತೋಟದಲ್ಲೇ ಮಣ್ಣು ಮಾಡುವುದು ವಾಡಿಕೆ. ಅವನು ಸತ್ತ ದಿನ ಜಾಗ ಕೇಳಲು ಹೋದರೆ ಕೆಂಚವೀರಪ್ಪನವರು, "ಯಾರಿಗೆ ಹೊಲ ಬಿಡಿಸಿ ಕೊಟ್ಟಾನೋ ಅವ್ರನ್ನೇ ಜಾಗ ಕೇಳ್ರಿ" ಎಂದರು. ನಾವು ಯಾರನ್ನೂ ಕೇಳಲಿಲ್ಲ. ಸುದ್ದಿ ತಿಳಿದ ಅಂಜಿನವ್ವ ತಾನೇ ಗಾಡಿ ಹೊಡೆಸಿಕೊಂಡು ಬಂದು, ಅವನನ್ನು ಸಾರಥಿಗೆ ಕರೆದೊಯ್ದಳು.

ಮೊನ್ನೆ ಹೋಗಿದ್ದೆ. ತನ್ನ ಹೊಲದಲ್ಲಿ ಅವನ ಸಮಾಧಿಯ ಸುತ್ತ ಜಾಗ ಬಿಟ್ಟು ಬಿತ್ತಿದ್ದಾಳೆ.

"ನೋಡಪ್ಪಾ, ಬಿಡಿಸಿ ಕೊಟ್ಟೋನೇ ಒತ್ತುವರಿ ಮಾಡ್ಯಾನೆ. ಅರ್ಜಿ ಹಾಕಾಣ ಅಂದ್ರೆ ಬರಿಯೋರ್ಯಾರು?" ಎಂದಳು.

ಅವಳ ಅರ್ಜಿಗಳನ್ನೆಲ್ಲ ಬರೆದವನು ಅವನೊಬ್ಬನೇ.