ಶಂಕ್ರಮ್ಮನವರ ಮೊದಲ ಎಲೆ

ಶಂಕ್ರಮ್ಮನವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ, ಮುಂದಿನ ಶೆಡ್ಡಿನಲ್ಲಿ ಯಾವ ಮಷೀನು ಹೊಲಿಗೆ ಬಿಡುತ್ತಿದೆ ಎಂದು ಹೇಳುತ್ತಿದ್ದರು. “ಮೂರನೇದು ಎಳೀತೈತಿ ನೋಡ್ರಿ, ಸೂಜಿ ಬದಲ್ ಮಾಡ್ರಿ!” ಎಂದು ಅಲ್ಲಿಂದಲೇ ಕೂಗು. ಎದ್ದು ನೋಡಿದರೆ ಸೂಜಿಯ ಮೊನೆ ನಿಜಕ್ಕೂ ಮುರಿದಿರುತ್ತಿತ್ತು.

ಆಂಧ್ರದ ಗಡಿಯ ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುತ್ತಿದ್ದ ವರ್ಷಗಳವು. ನನ್ನ ಗಂಡ ತೀರಿಕೊಂಡ ಮೇಲೆ, ಗುಮ್ಮಘಟ್ಟದ ಕಡೆಯ ಹಳ್ಳಿಯಿಂದ ಒಂದು ಚೀಲ ಹಿಡಿದು ಅವರ ಶೆಡ್ಡಿಗೆ ಬಂದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನ ಕೈಮೇಲೆ ತಮ್ಮ ದಪ್ಪ ಬೆರಳುಗಳನ್ನಿಟ್ಟು ಜೇಬು ಕೂಡಿಸುವುದನ್ನು ಕಲಿಸಿದರು. “ಬಟ್ಟಿ ಜೋಡಿ ಜಗಳ ಆಡಬ್ಯಾಡ ನಾಗರತ್ನ, ಪುಸಲಾಯಿಸು,” ಎನ್ನುತ್ತಿದ್ದರು. ಆ ವರ್ಷದ ಯುಗಾದಿಗೆ, ಅವರ ಮಕ್ಕಳಿಗಿಂತ ಮೊದಲು ನನ್ನ ಎಲೆಗೆ ಹೋಳಿಗೆ ಬಿತ್ತು. ಮರುವರ್ಷವೂ ಹಾಗೇ. ಎಲ್ಲರಿಗಿಂತ ಅವರಿಗೆ ನಾನೇ ಹೆಚ್ಚು ಎಂದು ಬೀಗಿದೆ.

ಆಮೇಲೆ ಸಬಿತಾ ಬಂದಳು. ಒಡಿಶಾದವಳು. ಗಂಡನಿಗೆ ಜೀನ್ಸ್ ಒಗೆಯುವ ಘಟಕದಲ್ಲಿ ಕೆಲಸ. ಕನ್ನಡ, ತೆಲುಗು ಯಾವುದೂ ಬಾರದು. ಶಂಕ್ರಮ್ಮನವರು ಅವಳ ಪಕ್ಕ ಕೂತು ಅವಳ ಕೈಮೇಲೂ ಕೈಯಿಟ್ಟರು. ನನಗೆ ನೋಡಲಾಗಲಿಲ್ಲ, ಪೆಡಲನ್ನು ಜೋರಾಗಿ ತುಳಿದೆ. ಅವರು ತಲೆಯೆತ್ತದೆ, “ಯಾಕ ನಾಗರತ್ನ, ನಿನ್ ಮಷೀನ್ ಸಿಟ್ಟಾಗೈತಲ್ಲ?” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಯುಗಾದಿಯ ಹಿಂದಿನ ದಿನ ಅವರು, “ಸಬಿತಾಗ, ಆಕಿ ಗಂಡಗ ಊಟಕ್ಕ ಹೇಳಿ ಬಾ,” ಎಂದು ನನ್ನನ್ನೇ ಕಳಿಸಿದರು. ಸಬಿತಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. “ನಾಳೆ ರಜ. ಬರಬೇಡ,” ಎಂದು ಕೈಸನ್ನೆ ಮಾಡಿ ಹೇಳಿದೆ. ಅವಳು ನಗುತ್ತಾ ತಲೆಯಾಡಿಸಿದಳು.

ಮರುದಿನ ಎಲೆ ಹಾಕಿಯಾಗಿತ್ತು. ಹೋಳಿಗೆಯ ತಟ್ಟೆ ಹಿಡಿದ ಶಂಕ್ರಮ್ಮನವರು, “ಸಬಿತಾ ಎಲ್ಲಿ?” ಎಂದರು.

“ಬರಲ್ಲಂತ್ರಿ,” ಎಂದೆ.

ಮಷೀನಿನ ಸದ್ದಿಗೆ ಕಿವಿಗೊಟ್ಟಂತೆ ನನ್ನನ್ನೊಮ್ಮೆ ನೋಡಿ, ತಟ್ಟೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹಸಿದ ಮಕ್ಕಳು ಎಲೆಯ ಮುಂದೆ ಕಾದವು. ಅರ್ಧ ಗಂಟೆಗೆ ಸಬಿತಾಳ ಮುಂಗೈ ಹಿಡಿದುಕೊಂಡು ಬಂದರು. ಹಿಂದೆ ಅವಳ ಗಂಡ. ತಿನ್ನುತ್ತಿದ್ದ ಮಂಡಕ್ಕಿ ಅವಳ ಸೆರಗಿಗೆ ಇನ್ನೂ ಅಂಟಿತ್ತು. “ಅಕ್ಕ ಬರಬೇಡ ಬೋಲಾ,” ಎಂದು ಹಿಂದಿ ಬೆರೆಸಿ ಹೇಳಿದಳು ಪಾಪ, ನನ್ನ ಕಡೆ ನೋಡಿ ನಗುತ್ತಲೇ.

ಮೊದಲ ಹೋಳಿಗೆ ಅವಳ ಎಲೆಗೆ ಹೋಯಿತು. ನನ್ನ ಎಲೆಗೆ ಬಂದದ್ದನ್ನು ಮುರಿದು ಮುರಿದು ಎಲೆಯಲ್ಲೇ ಬಿಟ್ಟೆ.

ಊಟವಾದ ಮೇಲೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾ ಅವರೇ ಮಾತು ತೆಗೆದರು. “ನಮ್ಮಜ್ಜಿ ಮಡಕಶಿರಾ ಕಡೆಯಿಂದ ನಾಕು ಮಕ್ಕಳ್ನ ಕಟ್ಕೊಂಡು ನಡಕೊಂತ ಬಂದಾಕಿ. ಈ ಊರ್ ಮುಟ್ಟಿದ್ದು ಯುಗಾದಿ ದಿನ. ಯಾರೋ ಒಬ್ಬಾಕಿ ತನ್ನ ಮಕ್ಕಳ್ನ ಎಬ್ಬಿಸಿ, ಆ ಎಲಿಗೆ ಇವರ್ನ ಕುಂದ್ರಿಸಿದ್ಲಂತ. ಆಕಿ ಹೆಸರೂ ಅಜ್ಜಿ ಕೇಳ್ಲಿಲ್ಲ. ಈಗ ಕೈ ಮುಗಿಯಾಕ ನಾ ಯಾರ ಮನಿಗೆ ಹೋಗ್ಲಿ? ಅದಕ್ಕ ಹೊರಗಿಂದ ಬಂದೋರಿಗೆ ಮೊದ್ಲು ಬಡಿಸ್ತೀನಿ.”

“ನನಗ ಬಡಿಸಿದ್ದೂ ಅದಕ್ಕೇನ್ರಿ?”

“ಹೌದು ಮತ್ತ. ಈಗ ನೀನು ಮನಿಯಾಕಿ. ಮನಿಯಾಕಿ ಬಡಿಸಬೇಕು.”

ಅದು ದೊಡ್ಡ ಮಾತೆಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ನನ್ನದೆಂದುಕೊಂಡದ್ದು ಯಾವತ್ತೂ ನನ್ನದಾಗಿರಲಿಲ್ಲ ಎಂಬುದಷ್ಟೇ ಚುಚ್ಚಿತು. ಮರುದಿನ ಸಬಿತಾಳ ಪಕ್ಕ ಕೂತು ಜಿಪ್ಪು ಕೂಡಿಸುವುದನ್ನು ಕಲಿಸಿದೆ. ಬೇಗ ಕಲಿತಳು. ಅದಕ್ಕೂ ಹೊಟ್ಟೆ ಉರಿಯಿತು.

ಮುಂದೆ ಕೆಲಸ ಇಳಿಯಿತು. ಸಬಿತಾ ಊರಿಗೆ ಹೋದಳು, ಶೆಡ್ಡು ಮುಚ್ಚಿತು. ಲಕ್ವ ಹೊಡೆದ ಶಂಕ್ರಮ್ಮನವರು ಬೊಮ್ಮನಹಾಳಿನ ಮಗಳ ಮನೆ ಸೇರಿದರು. ನಾನು ನೋಡಲು ಹೋದಾಗ, ತೊದಲುತ್ತಾ ಮೊದಲು ಕೇಳಿದ್ದು, “ಸಬಿತಾ ಹೆಂಗದಾಳ?”

ನನ್ನ ಫೋನಿನಿಂದ ಅವಳಿಗೆ ಹಚ್ಚಿದೆ. ಅವರ ಕೈ ಏಳುತ್ತಿರಲಿಲ್ಲ. ನಾನೇ ಫೋನನ್ನು ಅವರ ಕಿವಿಗೆ ಹಿಡಿದು ಕೂತೆ. ಆ ಕಡೆಯಿಂದ ಅವಳು ಕಲಬೆರಕೆ ಕನ್ನಡದಲ್ಲಿ ಏನೋ ಅಂದಳು, ಇವರು ಸೊಟ್ಟ ಬಾಯಲ್ಲೇ ನಕ್ಕರು. ನನ್ನ ತೋಳು ಸೋತಿತು. ಕೈ ಬದಲಿಸಿದರೆ ಒಂದು ಮಾತು ತಪ್ಪೀತೆಂದು ಹಾಗೇ ಹಿಡಿದಿದ್ದೆ. ಮಾತು ಮುಗಿಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸದೆ ಬಂದೆ.

ಹತ್ತು ದಿನಕ್ಕೆ ಅವರು ಹೋದರು. ಸಬಿತಾಳಿಗೆ ಸುದ್ದಿ ಹೇಳಿದವಳು ನಾನೇ. ಅವಳು ನನಗಿಂತ ಮೊದಲು ಅತ್ತಳು.